ಮೂರು ತೋಟೆಯ ಲೆಕ್ಕ

ನಮ್ಮ ಮನೆಯಲ್ಲಿ ಒಂದು ಬೆಡಿ ಇದೆ. ತುಳುವಿನಲ್ಲಿಯೂ ನಮ್ಮ ಕಡೆಯ ಆಡುಮಾತಿನಲ್ಲಿಯೂ ಅದು ಬೆಡಿ. ಪುಸ್ತಕದ ಕನ್ನಡದಲ್ಲಿ ಕೋವಿ. ಪೊಲೀಸ್ ಠಾಣೆಯಲ್ಲಿ ತೋಕ್ಕ್. ಒಂದೇ ವಸ್ತುವಿಗೆ ಮೂರು ಹೆಸರಿರುವುದು ಕಾಸರಗೋಡಿನವರಿಗೆ ಹೊಸತಲ್ಲ. ಅದರ ಲೈಸನ್ಸಿನ ಕಾಗದಗಳೂ ಹಾಗೆಯೇ. ಹಳೆಯ ಕಾಗದದ ಮೇಲಿನ ಮೊಹರು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯದು, ಅಂದರೆ ಮಂಗಳೂರಿನದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆಮೇಲಿನ ಮೊಹರು ಕಣ್ಣೂರಿನದು. 1984ರ ಮೇ 24ರಂದು ಕಾಸರಗೋಡೇ ಜಿಲ್ಲೆಯಾಯಿತು; ಮೊಹರು ಮತ್ತೆ ಬದಲಾಯಿತು. ಬೆಡಿ ಗೋಡೆಯ ಗೂಟದಲ್ಲಿಯೇ ಇತ್ತು. ಕಾಗದ ಮಾತ್ರ ಮೂರು ಜಿಲ್ಲಾ ಕಚೇರಿಗಳನ್ನು ಕಂಡಿತು.

ನಮ್ಮದು ಅಳಿಯಸಂತಾನದ ಮನೆ. 1975ರ ಕೇರಳದ ಕಾಯಿದೆ ಕೂಡುಕುಟುಂಬದ ಪದ್ಧತಿಯನ್ನು ರದ್ದು ಮಾಡಿತಾದರೂ ಬೆಡಿಯ ಮಟ್ಟಿಗೆ ಹಳೆಯ ದಾರಿಯೇ ನಡೆಯಿತು. ನನ್ನ ಸೋದರಮಾವ ತೀರಿಕೊಂಡ ಮೇಲೆ, 1979ರಲ್ಲಿ, ಅದು ನನ್ನ ಹೆಸರಿಗೆ ಬಂತು. ನನ್ನ ನಂತರ ಅದು ತಂಗಿಯ ಮಗನಿಗೆ ಹೋಗಬೇಕು. ಆದರೆ ಆ ಅಳಿಯ ಇರುವುದು ಅಮೇರಿಕದ ಮಿನ್ನೆಸೋಟಾದಲ್ಲಿ. ಅಲ್ಲಿಯ ಪೌರನೂ ಆಗಿದ್ದಾನೆ. ಕೆಲವು ತಿಂಗಳ ಹಿಂದೆ ಫೋನು ಮಾಡಿದವನು ತಾಯಿಯ ಕ್ಷೇಮಸಮಾಚಾರ ವಿಚಾರಿಸಿ, ಅಡಿಕೆಯ ಧಾರಣೆ ಕೇಳಿ, ಕೊನೆಗೆ ಹೇಳಿದ:

“ಮಾವ, ಇಲ್ಲಿ ಗೆಳೆಯರೊಟ್ಟಿಗೆ ಬಾತುಕೋಳಿಯ ಬೇಟೆಗೆ ಹೋಗುವುದೆಂದು ಮಾಡಿದ್ದೇನೆ. ಒಂದು ಬೆಡಿ ತೆಗೆದುಕೊಳ್ಳಬೇಕು. ಪಂಪ್ ಒಳ್ಳೆಯದೋ, ಸೆಮಿ-ಆಟೋಮ್ಯಾಟಿಕ್ ಒಳ್ಳೆಯದೋ? ನೀವು ಚರಿತ್ರೆಯ ಮಾಸ್ಟ್ರು, ಬೆಡಿ ಇಟ್ಟುಕೊಂಡವರು ಬೇರೆ.”

ನಾನು ಮೂವತ್ತು ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿದವನು ಹೌದು. ಆದರೆ ನನ್ನ ಬೆಡಿ ಕೇಪಿನ ಬೆಡಿ. ಒಂದು ಈಡು ಬಿಟ್ಟರೆ ಮುಗಿಯಿತು. ಎರಡನೆಯದಕ್ಕೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರಿನ ಉಂಡೆ ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ತುರುಕಿ, ಕೇಪು ಇಡಬೇಕು. ಅಷ್ಟರಲ್ಲಿ ತೋಟಕ್ಕೆ ಬಂದ ಹಂದಿ ನೆರೆಮನೆಯ ತೋಟವನ್ನೂ ದಾಟಿರುತ್ತದೆ. ಆದುದರಿಂದ ಅಳಿಯನಿಗೆ, “ಎರಡು ವಾರ ಸಮಯ ಕೊಡು” ಎಂದೆ. ಓದಿದೆ, ಬರೆದುಕೊಂಡೆ. ಆ ಟಿಪ್ಪಣಿಯೇ ಬೆಳೆದು ಈ ಲೇಖನವಾಗಿದೆ.

ಹಕ್ಕಿಬೇಟೆಗೂ ಕೋವಿಯ ಸುಧಾರಣೆಗೂ ಇರುವ ನಂಟು ಬಹಳ ಹಳೆಯದು. ನನ್ನ ಬೆಡಿಯ ಕೇಪಿನ ಹಿಂದೆಯೇ ಹಕ್ಕಿಗಳಿವೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಕ್ಸಾಂಡರ್ ಜಾನ್ ಫಾರ್ಸೈತ್ ಹಕ್ಕಿ ಹೊಡೆಯುವ ಹವ್ಯಾಸದವರು. ಆಗಿನ ಕೋವಿಗಳು ಚಕಮಕಿ ಕಲ್ಲಿನವು. ಕಲ್ಲಿನ ಕಿಡಿ ಮೊದಲು ಹೊರಗಿನ ಬಟ್ಟಲಿನ ಮದ್ದಿಗೆ ತಾಗಿ ಭಗ್ಗೆನ್ನುತ್ತಿತ್ತು. ನಳಿಗೆಯೊಳಗಿನ ಮದ್ದು ಸಿಡಿಯುವುದು ಒಂದು ಕ್ಷಣ ತಡವಾಗಿ. ಆ ಬೆಳಕನ್ನು ಕಂಡ ಹಕ್ಕಿ ತಪ್ಪಿಸಿಕೊಳ್ಳುತ್ತಿತ್ತು. ಪಾದ್ರಿ ಯೋಚಿಸಿ, ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದರು. ತಾಮ್ರದ ಪುಟ್ಟ ಟೋಪಿಯಂಥ ಕೇಪು ಅದರಿಂದಲೇ ಬೆಳೆದು ಬಂದದ್ದು.

ಮುಂದಿನ ಹೆಜ್ಜೆ ತೋಟೆಯದು. ಮದ್ದು, ಚರೆ, ಕೇಪು ಮೂರನ್ನೂ ಒಂದೇ ಕೊಳವೆಯಲ್ಲಿ ಕಟ್ಟಿ ನಳಿಗೆಯ ಹಿಂಬದಿಯಿಂದ ತುಂಬುವ ಕೋವಿಗೆ ಪ್ಯಾರಿಸಿನ ಕಾಸಿಮಿರ್ ಲೆಫೋಶೊ 1830ರ ದಶಕದಲ್ಲಿ ಒಳ್ಳೆಯ ರೂಪ ಕೊಟ್ಟ. ನಮ್ಮ ಕಡೆಯ ಸಾಹುಕಾರರ ಮನೆಗಳಲ್ಲಿ ಕಾಣುತ್ತಿದ್ದ ಜೋಡುನಳಿಗೆಯ ತೋಟೆಕೋವಿ ಆ ವಂಶದ್ದು. ಅದರಲ್ಲಿ ಎರಡು ಈಡು. ಇಂಗ್ಲೆಂಡಿನ ದೊರೆಗಳಿಗೆ ಎರಡು ಸಾಕಾಯಿತು. ಸಾಕಾಗದಿದ್ದರೆ ಎರಡನೆಯ ಕೋವಿ ತುಂಬಿ ಕೊಡಲು ಬೆನ್ನಹಿಂದೆ ಆಳು ಇರುತ್ತಿದ್ದ. ಆಳಿಲ್ಲದ ಅಮೇರಿಕದ ರೈತನಿಗೆ ಎರಡಕ್ಕಿಂತ ಹೆಚ್ಚು ಈಡು ಒಂದೇ ಕೋವಿಯಲ್ಲಿ, ಕಡಿಮೆ ಬೆಲೆಗೆ ಬೇಕಾಗಿತ್ತು.

ಅವನಿಗಾಗಿ ಬಂದದ್ದು ಪಂಪ್ ಕೋವಿ. ಒಂದೇ ನಳಿಗೆ, ಅದರ ಕೆಳಗೆ ಅದಕ್ಕೆ ಸಮನಾಗಿ ಒಂದು ಕೊಳವೆ, ಕೊಳವೆಯಲ್ಲಿ ಸಾಲಾಗಿ ತೋಟೆಗಳು. ಎಡಗೈ ಹಿಡಿಯುವ ಮರದ ಹಿಡಿ ಜಾರುವಂಥದ್ದು. ಹಿಂದಕ್ಕೆ ಎಳೆದರೆ ಸುಟ್ಟ ತೋಟೆ ಹೊರಗೆ ಬೀಳುತ್ತದೆ. ಮುಂದಕ್ಕೆ ತಳ್ಳಿದರೆ ಹೊಸತು ನಳಿಗೆಗೆ ಏರುತ್ತದೆ. ಸೈಕಲಿಗೆ ಗಾಳಿ ಹಾಕುವ ಪಂಪಿನ ಹಾಗೆ ಹಿಂದೆ ಮುಂದೆ. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ರೈಫಲ್ಲಿನಿಂದ ಹೆಸರಾದ ಕ್ರಿಸ್ಟೊಫರ್ ಸ್ಪೆನ್ಸರ್ 1882ರಲ್ಲಿ ಇಂಥದೊಂದನ್ನು ತಂದ. ಆದರೆ ಅದನ್ನು ಮನೆಮನೆಯ ವಸ್ತುವನ್ನಾಗಿ ಮಾಡಿದ್ದು ಯೂಟಾ ಪ್ರಾಂತದ ಆಗ್ಡೆನ್ ಊರಿನ ಜಾನ್ ಮೋಸಸ್ ಬ್ರೌನಿಂಗ್. ಅವನು ರೂಪಿಸಿದ ಪಂಪನ್ನು ವಿಂಚೆಸ್ಟರ್ ಕಂಪೆನಿ 1893ರಲ್ಲಿಯೂ, ಸುಧಾರಿಸಿ 1897ರಲ್ಲಿಯೂ ಮಾರಾಟಕ್ಕೆ ಇಟ್ಟಿತು. 1897ರ ಮಾದರಿ 1957ರ ತನಕ ಹತ್ತು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. 1950ರಲ್ಲಿ ಬಂದ ರೆಮಿಂಗ್ಟನ್ 870 ಎಂಬ ಪಂಪ್ ಒಂದು ಕೋಟಿಯ ಲೆಕ್ಕವನ್ನೂ ದಾಟಿತು.

ಇದೇ ಬ್ರೌನಿಂಗ್‌ನ ಇನ್ನೊಂದು ಕೂಸು ಸೆಮಿ-ಆಟೋಮ್ಯಾಟಿಕ್. ಈಡು ಬಿಟ್ಟಾಗ ಕೋವಿ ಹೆಗಲಿಗೆ ಒದೆಯುತ್ತದಲ್ಲ, ಆ ಒದೆತವನ್ನೇ ಕೆಲಸಕ್ಕೆ ಹಚ್ಚಿದರೆ ಹೇಗೆ ಎಂದು ಅವನು ಯೋಚಿಸಿದ. ನಳಿಗೆಯೇ ಒದೆತಕ್ಕೆ ಹಿಂದೆ ಸರಿದು, ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹಳೆಯ ತೋಟೆ ಹೊರಗೆ, ಹೊಸ ತೋಟೆ ಒಳಗೆ. ಬೆರಳು ಒಮ್ಮೆ ಒತ್ತಿದರೆ ಒಂದೇ ಈಡು, ಆದರೆ ಎರಡು ಈಡಿನ ನಡುವೆ ಕೈಗೆ ಕೆಲಸವಿಲ್ಲ. 1900ರಲ್ಲಿ ಪೇಟೆಂಟ್ ಸಿಕ್ಕಿತು. ಈ ಸಲ ಬ್ರೌನಿಂಗ್ ಒಟ್ಟು ಬೆಲೆಗೆ ಮಾರಲು ಒಪ್ಪದೆ, ಮಾರಾಟವಾದ ಪ್ರತಿ ಕೋವಿಗೂ ಪಾಲು ಕೇಳಿದ. ವಿಂಚೆಸ್ಟರಿನವರು ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪೆನಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿಯನ್ನು ಕಾಣಲು ಹೋಗಿ ಕುಳಿತಿದ್ದಾಗ, ಆತ ಹೃದಯಾಘಾತದಿಂದ ತೀರಿಹೋದ ಸುದ್ದಿ ಬಂತು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋಗಿ ಎಫ್‌ಎನ್ ಕಾರ್ಖಾನೆಯೊಂದಿಗೆ ಕರಾರು ಮಾಡಿಕೊಂಡ. ಕೊಳವೆಯಲ್ಲಿ ನಾಲ್ಕು, ನಳಿಗೆಯಲ್ಲಿ ಒಂದು, ಹೀಗೆ ಐದು ತೋಟೆ ಹಿಡಿಯುವ ಆ ಕೋವಿ ‘ಆಟೋ-5’ ಎಂದೇ ಹೆಸರಾಗಿ ಶತಮಾನದ ಕೊನೆಯವರೆಗೂ ತಯಾರಾಗುತ್ತಿತ್ತು.

ಈ ಗೂನುಬೆನ್ನಿನ ಐದರ ಕೋವಿಯನ್ನು ನಾನು ಕಣ್ಣಾರೆ ಕಂಡದ್ದು ಒಂದೇ ಸಲ, 1963ರಲ್ಲಿ. ನನಗಾಗ ಹನ್ನೆರಡು ವರ್ಷ.

ನಮ್ಮ ಬೈಲಿನ ತುದಿಯಲ್ಲಿ ಒಂದು ದೊಡ್ಡ ಗೋಳಿಮರವಿತ್ತು. ಅದು ಹಣ್ಣಾದಾಗ ಹಸಿರು ಪಾರಿವಾಳಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಎಲೆಗೂ ಹಕ್ಕಿಗೂ ಬಣ್ಣ ಒಂದೇ. ಹಣ್ಣು ಉದುರುವ ಸದ್ದಿನಿಂದ ಮಾತ್ರ ಅವು ಇವೆಯೆಂದು ತಿಳಿಯಬೇಕು. ಮಾವ ಆ ದಿನಗಳಲ್ಲಿ ಒಂದೆರಡು ಸಲ ಬೆಡಿ ಹಿಡಿದು ಹೋಗುವುದಿತ್ತು. ಮದ್ದು ಅಳೆಯಲು ಅವರಲ್ಲಿ ಬಿದಿರಿನ ಪುಟ್ಟ ಅಳತೆಯೊಂದಿತ್ತು, ಹೆಬ್ಬೆರಳಿನಷ್ಟು ಉದ್ದ. ಗೋಳಿಮರಕ್ಕೆ ಹೋಗುವಾಗ ಎರಡು ಅಳತೆಯ ಮದ್ದು ಮಾತ್ರ ಕಾಗದದಲ್ಲಿ ಕಟ್ಟಿಕೊಳ್ಳುವರು. “ಮೂರನೆಯದು ಯಾಕೆ? ಅಷ್ಟರಲ್ಲಿ ಮರ ಖಾಲಿ” ಎನ್ನುವರು. ಅದರಲ್ಲಿ ದಯೆಯ ಮಾತೇನೂ ಇರಲಿಲ್ಲ. ಮದ್ದಿಗೆ ದುಡ್ಡು ಕೊಡಬೇಕಿತ್ತು, ಅಷ್ಟೆ.

ಆ ವರ್ಷ ಕೊಡಗಿನ ಕಾಫಿ ತೋಟದಲ್ಲಿದ್ದ ನೆಂಟರೊಬ್ಬರು ಬಂದಿದ್ದರು. ಅವರ ಕೈಯಲ್ಲಿ ಆ ಬೆಲ್ಜಿಯಂ ಕೋವಿ. ಗೋಳಿಮರದ ಬುಡದಲ್ಲಿ ನಿಂತು ಐದೂ ತೋಟೆಗಳನ್ನು ಬಿಟ್ಟರು. ನಾನು ಹಿಂದೆ ನಿಂತು ಒಂದು, ಎರಡು ಎಂದು ಎಣಿಸುತ್ತಿದ್ದೆ. ಮೂರರ ಮೇಲೆ ಎಣಿಕೆ ಬಿಟ್ಟು, “ಇನ್ನೊಂದು! ಇನ್ನೊಂದು!” ಎಂದು ಕೂಗಿದೆ. ಕೆಳಗೆ ಹನ್ನೊಂದು ಹಕ್ಕಿ ಸಿಕ್ಕವು. ಮಾವ ಏನೂ ಹೇಳಲಿಲ್ಲ, ನೆಂಟರಲ್ಲವೇ. ಮರುದಿನ ಬೆಳಿಗ್ಗೆ ದನ ಮೇಯಿಸಲು ಹೋದಾಗ ನೋಡುತ್ತೇನೆ: ಮುಂಡಕನ ಪೊದೆಯಡಿಯಲ್ಲಿ ನಾಲ್ಕು ಹಕ್ಕಿ, ಇರುವೆ ಮುತ್ತಿ ಬಿದ್ದಿವೆ. ಒಂದರ ರೆಕ್ಕೆ ಇನ್ನೂ ಆಡುತ್ತಿತ್ತು. ಮೊದಲ ಎರಡು ಈಡಿಗೆ ಹಕ್ಕಿಗಳು ಕುಳಿತಿದ್ದವು; ಉಳಿದ ಮೂರು ಈಡು ಹಾರುವ ಹಿಂಡಿನ ಬೆನ್ನಿಗೆ. ದೂರಕ್ಕೆ ಚರೆ ಚದರಿ ಒಂದೆರಡು ಕಾಳು ತಾಗಿದ ಹಕ್ಕಿ ಕೂಡಲೇ ಸಾಯುವುದಿಲ್ಲ. ಎಲ್ಲೋ ಹೋಗಿ ಬೀಳುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲಿಯೂ ಓದುವ ಅಗತ್ಯ ಬೀಳಲಿಲ್ಲ. “ಇನ್ನೊಂದು” ಎಂದು ಕೂಗಿದವನು ನಾನೇ.

ಚರಿತ್ರೆಯ ಮಾಸ್ಟ್ರಾದ ಮೇಲೆ ನನ್ನ ಮನಸ್ಸು ಅಪರಾಧವನ್ನೆಲ್ಲ ಆ ಐದರ ಕೋವಿಯ ಮೇಲೆ ಹೊರಿಸಿಬಿಟ್ಟಿತ್ತು. ಈಗ ಓದಿ ನೋಡಿದರೆ ಸಂಗತಿ ಅಷ್ಟು ಸರಳವಲ್ಲ. ಅಮೇರಿಕದ ಪ್ಯಾಸೆಂಜರ್ ಪಿಜನ್ ಎಂಬ ಪಾರಿವಾಳದ ಕಥೆ ನಮ್ಮ ಪಾಠಪುಸ್ತಕಗಳಲ್ಲಿಯೂ ಬಂದಿದೆ. 19ನೆಯ ಶತಮಾನದ ಆರಂಭದಲ್ಲಿ ಪಕ್ಷಿತಜ್ಞ ಅಲೆಕ್ಸಾಂಡರ್ ವಿಲ್ಸನ್ ಕೆಂಟಕಿಯಲ್ಲಿ ಕಂಡ ಒಂದೇ ಹಿಂಡನ್ನು ಇನ್ನೂರು ಕೋಟಿಗೂ ಮಿಕ್ಕಿ ಎಂದು ಅಂದಾಜು ಮಾಡಿದ್ದ. ಆ ಜಾತಿಯ ಕೊನೆಯ ಹಕ್ಕಿ ‘ಮಾರ್ಥಾ’ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆದರೆ ಅವುಗಳ ಕೊನೆಯ ಮಹಾ ಗೂಡುಕಟ್ಟುವಿಕೆ ನಡೆದದ್ದು 1878ರಲ್ಲಿ, ಮಿಷಿಗನ್ನಿನ ಪೆಟೋಸ್ಕಿಯಲ್ಲಿ. ವಿಂಚೆಸ್ಟರಿನ ಪಂಪ್ ಹುಟ್ಟಿದ್ದು 1893ರಲ್ಲಿ. ಪಂಪ್ ಬರುವಾಗ ಪಾರಿವಾಳಗಳು ಮುಗಿಯುತ್ತ ಬಂದಿದ್ದವು! ಅವನ್ನು ಮುಗಿಸಿದ್ದು ಬಲೆ, ಹಳೆಯ ಕೋವಿಗಳು, ಕಾಡಿನ ನಾಶ. ಹಿಂಡು ಎಲ್ಲಿದೆಯೆಂದು ಊರೂರಿಗೆ ತಿಳಿಸಿದ ತಂತಿ. ಪೀಪಾಯಿಗಳಲ್ಲಿ ತುಂಬಿದ ಹಕ್ಕಿಯನ್ನು ಪಟ್ಟಣಕ್ಕೆ ಮುಟ್ಟಿಸಿದ ರೈಲು. ಕೊಳ್ಳಲು ಕಾದಿದ್ದ ಪೇಟೆ.

ಹೀಗಿದ್ದರೂ ಹೊಸ ಕೋವಿಗಳು ಬಂದಾಗ ಉಳಿದ ಹಕ್ಕಿಗಳ ಬಗ್ಗೆ ಭಯ ಹುಟ್ಟಿದ್ದು ಸಹಜ. ಪೆನ್ಸಿಲ್ವೇನಿಯಾ ರಾಜ್ಯ 1907ರಲ್ಲಿಯೇ ಬೇಟೆಗೆ ‘ಆಟೋಮ್ಯಾಟಿಕ್’ ಕೋವಿ ಬಳಸುವುದನ್ನು ನಿಷೇಧಿಸಿತು. ಅಲ್ಲಿ ಸಣ್ಣ ಬೇಟೆಗೆ ಸೆಮಿ-ಆಟೋಮ್ಯಾಟಿಕ್ ಶಾಟ್‌ಗನ್ನಿಗೆ ಅನುಮತಿ ಸಿಕ್ಕಿದ್ದು 2017ರಲ್ಲಿ. ಈ ಕೋವಿಗಳ ಮೇಲೆ ಎಲ್ಲರಿಗಿಂತ ಉಗ್ರವಾಗಿ ಹರಿಹಾಯ್ದವರು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ನಿರ್ದೇಶಕ ವಿಲಿಯಂ ಹಾರ್ನಡೆ. 1913ರ ತನ್ನ ಪುಸ್ತಕದಲ್ಲಿ ಅವರು ಪಂಪನ್ನೂ ಆಟೋಮ್ಯಾಟಿಕ್ಕನ್ನೂ ಒಂದೇ ಕಟ್ಟಿನಲ್ಲಿ ಖಂಡಿಸಿದರು. ಈ ಹಾರ್ನಡೆಯವರ ಹೆಸರು ನಮ್ಮ ವಯನಾಡು, ನೀಲಗಿರಿಯ ಓದುಗರಿಗೆ ಆಸಕ್ತಿ ಹುಟ್ಟಿಸಬಹುದು. ತರುಣನಾಗಿದ್ದಾಗ, 1877ರಲ್ಲಿ, ವಸ್ತುಸಂಗ್ರಹಾಲಯಗಳಿಗೆ ಪ್ರಾಣಿಗಳ ಚರ್ಮ, ಎಲುಬು ಕೂಡಿಸಲು ಭಾರತಕ್ಕೆ ಬಂದ ಅವರು ಉದಕಮಂಡಲದಿಂದ ಇಳಿದು ಮುದುಮಲೆಯ ಕಾಡಿನಲ್ಲಿಯೂ ಆಮೇಲೆ ಆನೆಮಲೆಯಲ್ಲಿಯೂ ಬೇಟೆಯಾಡಿದ್ದರು. ಕಾಟಿ, ಆನೆಗಳನ್ನು ಹೊಡೆದ ಕೈಯೇ ಮುಂದೆ ಹಕ್ಕಿಗಳ ಪರವಾಗಿ ಬರೆಯಿತು. ಇದನ್ನು ಕಪಟವೆನ್ನಲು ನನಗೆ ಮನಸ್ಸಿಲ್ಲ. ಗೋಳಿಮರದ ಬುಡದಲ್ಲಿ ನಾನೂ ಕೂಗಿದವನೇ.

ಕೋವಿ ಕಂಪೆನಿಗಳೂ ಸುಮ್ಮನಿರಲಿಲ್ಲ. 1911ರಲ್ಲಿ ಪಕ್ಷಿರಕ್ಷಣೆಯ ಆಡುಬಾನ್ ಸಂಘಗಳ ಒಕ್ಕೂಟಕ್ಕೆ ವರ್ಷಕ್ಕೆ 25,000 ಡಾಲರ್ ಕೊಡಲು ಮುಂದೆ ಬಂದವು. ಟೀಕೆ ಎದ್ದಾಗ ಒಕ್ಕೂಟ ಆ ಹಣವನ್ನು ನಿರಾಕರಿಸಿತು. ಅಂತೂ ಕೋವಿಯ ಯಂತ್ರವನ್ನು ನಿಷೇಧಿಸಬೇಕೆಂಬ ವಾದ ದೇಶದಾದ್ಯಂತ ಗೆಲ್ಲಲಿಲ್ಲ. ಗೆದ್ದದ್ದು ಬೇರೆ ಬಗೆಯ ಕಾನೂನು. 1918ರ ವಲಸೆಹಕ್ಕಿಗಳ ಕಾಯಿದೆ ಬೇಟೆಯ ಹಕ್ಕಿಯನ್ನು ಪೇಟೆಯಲ್ಲಿ ಮಾರುವುದನ್ನು ನಿಲ್ಲಿಸಿತು. ಪೆಟೋಸ್ಕಿಯ ರೈಲುಪೀಪಾಯಿಗಳಿಗೆ ಕೊಡಬೇಕಾಗಿದ್ದ ಉತ್ತರ ಅದು, ಬಂದದ್ದು ನಲುವತ್ತು ವರ್ಷ ತಡವಾಗಿ.

1930ರ ದಶಕದಲ್ಲಿ ಅಮೇರಿಕದ ಮಧ್ಯಭಾಗಕ್ಕೆ ಭೀಕರ ಬರ ಬಡಿಯಿತು. ಕೆರೆಗಳು ಬತ್ತಿ ಬಾತುಕೋಳಿಗಳು ತೀರ ಇಳಿದವು. ಆಗ ಸರಕಾರದ ಜೀವಿಸಮೀಕ್ಷಾ ಇಲಾಖೆಗೆ ಮುಖ್ಯಸ್ಥರಾಗಿ ಬಂದವರು ಜೆ. ಎನ್. ಡಾರ್ಲಿಂಗ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರರು, ಸ್ವತಃ ಬೇಟೆಗಾರರು. 1934ರಲ್ಲಿ ಬಾತುಬೇಟೆಗಾರರು ಒಂದು ಡಾಲರಿನ ವಿಶೇಷ ಸ್ಟಾಂಪು ಕೊಳ್ಳಬೇಕೆಂಬ ನಿಯಮ ಬಂತು. ಮೊದಲ ಸ್ಟಾಂಪಿನ ಚಿತ್ರ ಬರೆದವರೂ ಡಾರ್ಲಿಂಗರೇ. ಹಣ ಹೋದದ್ದು ಹಕ್ಕಿಗಳ ಜೌಗುನೆಲವನ್ನು ಉಳಿಸಲು. 1935ರಲ್ಲಿ ಇನ್ನೊಂದು ನಿಯಮ: ವಲಸೆಹಕ್ಕಿಗಳ ಬೇಟೆಯಲ್ಲಿ ಪಂಪೇ ಇರಲಿ, ಆಟೋಮ್ಯಾಟಿಕ್ಕೇ ಇರಲಿ, ಮೂರು ತೋಟೆಗಿಂತ ಹೆಚ್ಚು ಹಿಡಿಯಬಾರದು. ಕಾಳು ಚೆಲ್ಲಿ ಕರೆಯುವುದು, ಜೀವಂತ ಬಾತುಗಳನ್ನು ಕಟ್ಟಿ ಮರುಳು ಮಾಡುವುದು ಇವೂ ಅದೇ ವರ್ಷ ನಿಂತವು.

ಐದು ಹಿಡಿಯುವ ಕೋವಿಯನ್ನು ಮೂರಕ್ಕೆ ಇಳಿಸುವುದು ಹೇಗೆ? ತೋಟೆಯ ಕೊಳವೆಯೊಳಗೆ ಒಂದು ಮರದ ಕಡ್ಡಿ ಸೇರಿಸಿದರಾಯಿತು. ಎರಡು ತೋಟೆಗಳ ಜಾಗವನ್ನು ಅದು ತಿನ್ನುತ್ತದೆ. ಕೊಳವೆಯಲ್ಲಿ ಎರಡು, ನಳಿಗೆಯಲ್ಲಿ ಒಂದು. ಕೋವಿಯನ್ನು ಬಿಚ್ಚದೆ ಕಡ್ಡಿಯನ್ನು ತೆಗೆಯಲು ಬರಬಾರದು ಎಂಬುದೂ ನಿಯಮದಲ್ಲಿದೆ. ಎಂಟು ಆಣೆಯ ಸಾಮಾನೂ ಅಲ್ಲ ಅದು. ಆದರೂ ಪಂಪೋ ಆಟೋಮ್ಯಾಟಿಕ್ಕೋ ಎಂಬ ಜಗಳದ ಬಹುಪಾಲನ್ನು ಆ ಕಡ್ಡಿ ಮುಗಿಸಿತು.

ಫಲವೇನಾಯಿತು? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 1970ರಿಂದೀಚೆಗೆ ಉತ್ತರ ಅಮೇರಿಕ ಸುಮಾರು 300 ಕೋಟಿ ಹಕ್ಕಿಗಳನ್ನು ಕಳೆದುಕೊಂಡಿತ್ತು. ಆದರೆ ಬಾತು, ಹೆಬ್ಬಾತುಗಳ ಗುಂಪು ಹೆಚ್ಚಿತ್ತು. ಬೇಟೆಯಾಡುವ ಹಕ್ಕಿ ಹೆಚ್ಚಿ, ಯಾರೂ ಹೊಡೆಯದ ಹುಲ್ಲುಗಾವಲಿನ ಹಕ್ಕಿ ಇಳಿದದ್ದು ನನ್ನಂಥವನಿಗೆ ಆಶ್ಚರ್ಯವೇ. ಜೌಗುನೆಲಕ್ಕೆ ಹಣ ಬಂತು, ಹುಲ್ಲುಗಾವಲಿಗೆ ಬರಲಿಲ್ಲ.

ನಮ್ಮ ದೇಶ ಹಿಡಿದ ದಾರಿ ಬೇರೆ. 1912ರ ಕಾಯಿದೆ ಬೇಟೆಗೆ ನಿಷಿದ್ಧ ಕಾಲವನ್ನು ಗೊತ್ತುಮಾಡುವ ಅವಕಾಶ ಕೊಟ್ಟಿತ್ತು. 1972ರ ವನ್ಯಜೀವಿ ಕಾಯಿದೆಯಲ್ಲಿಯೂ ಲೈಸನ್ಸು ಪಡೆದು ಕೆಲವನ್ನು ಹೊಡೆಯುವ ದಾರಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಗೋಳಿಮರದ ಹಕ್ಕಿಗೆ ಬೆಡಿ ಎತ್ತುವುದು ಈಗ ಅಪರಾಧ. ಅದು ಸರಿಯೆಂದೇ ನನ್ನ ಮತ. ಮೂರು ತೋಟೆಯ ಲೆಕ್ಕ ನಡೆಯಬೇಕಾದರೆ ಲೆಕ್ಕ ಹಾಕಲು ಅಷ್ಟು ಹಕ್ಕಿಯೂ, ಎಣಿಸಲು ಅಷ್ಟು ಜನವೂ ಬೇಕು. ಆದರೆ ನಮ್ಮಲ್ಲಿ ಹೊಡೆಯುವುದು ನಿಂತ ಮೇಲೂ ಆ ಗೋಳಿಮರ ಉಳಿಯಲಿಲ್ಲ. ರಸ್ತೆ ಅಗಲ ಮಾಡುವಾಗ ಹೋಯಿತು. ಬೆಡಿಗೆ ಕಾನೂನು ಬಂತು, ಗೋಳಿಹಣ್ಣಿಗೆ ಬರಲಿಲ್ಲ.

ಎರಡು ವಾರ ಕಳೆದು ಅಳಿಯನಿಗೆ ಉತ್ತರ ಹೇಳಿದೆ. ಸೆಮಿ-ಆಟೋಮ್ಯಾಟಿಕ್ಕಿನ ಗುಣ ಒಪ್ಪತಕ್ಕದ್ದೇ. 1963ರಲ್ಲಿ ರೆಮಿಂಗ್ಟನ್ 1100 ಬಂದ ಮೇಲೆ, ಮದ್ದಿನ ಹೊಗೆಯ ಒತ್ತಡದಿಂದಲೇ ನಡೆಯುವ ಕೋವಿಗಳು ಹೆಗಲಿಗೆ ಮೃದುವಾದವು. ಆದರೆ ಬೆಲೆ ಹೆಚ್ಚು. ಮಸಿ ತೆಗೆದು ಶುಚಿಯಾಗಿಡಬೇಕು. ತೀರ ಹಗುರ ತೋಟೆ ಹಾಕಿದರೆ ಕೆಲವು ಯಂತ್ರ ಪೂರ್ತಿ ಹಿಂದೆ ಸರಿಯುವುದಿಲ್ಲ. ಚಳಿಗೆ ಎಣ್ಣೆ ಗಟ್ಟಿಯಾದರೆ ಮಂಕಾಗುತ್ತದೆ. ಪಂಪು ಅಗ್ಗ, ಕೆಸರು, ಚಳಿ ತಾಳುತ್ತದೆ, ಹಗುರವೋ ಭಾರವೋ, ಯಾವ ತೋಟೆಯೂ ಸರಿ, ನಡೆಸುವುದು ಕೈಯೇ ತಾನೆ. ಗಾಬರಿಯಲ್ಲಿ ಹಿಡಿಯನ್ನು ಅರ್ಧವೇ ಎಳೆದರೆ ಸಿಕ್ಕಿಬೀಳುವುದು ಅದರ ದೋಷ. ಇಷ್ಟು ಹೇಳಿ, “ನೀನು ಹೊಸಬ. ಪಂಪೇ ತೆಗೆದುಕೋ. ಎರಡು ಈಡಿನ ನಡುವೆ ಕೈಗೆ ಕೆಲಸವಿದ್ದರೆ ಕಣ್ಣಿಗೆ ನೋಡಲು ಸಮಯ ಸಿಗುತ್ತದೆ. ಮೂರನೆಯದು ದೂರ ಹೋದ ಹಕ್ಕಿಗೋ ಹತ್ತಿರದ್ದಕ್ಕೋ ಎಂದು ನೋಡಿಕೊಳ್ಳಬಹುದು” ಎಂದೆ.

ಅವನು ನಕ್ಕ. “ಮಾವ, ಇಲ್ಲಿ ಪಂಪನ್ನು ಆಟೋಮ್ಯಾಟಿಕ್ಕಿನಷ್ಟೇ ಬೇಗ ಹೊಡೆಯುವವರಿದ್ದಾರೆ. ಅಭ್ಯಾಸವಾದರೆ ಕೈಗೆ ಗೊತ್ತೇ ಆಗುವುದಿಲ್ಲವಂತೆ.”

ಅದು ನಿಜವೇ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಾಗಾಗಿ ಯಾರಿಗೂ, ಅವನ ತಾಯಿಗೂ, ಇಷ್ಟು ವರ್ಷ ಹೇಳದ ಗೋಳಿಮರದ ಕಥೆಯನ್ನು ಹೇಳಿದೆ. ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

ಕಳೆದ ತಿಂಗಳು ಒಂದು ಚಿತ್ರ ಕಳಿಸಿದ್ದಾನೆ. ಪಂಪನ್ನೇ ತೆಗೆದುಕೊಂಡಿದ್ದಾನೆ. ಚಿತ್ರದಲ್ಲಿರುವುದು ಕೋವಿಯಲ್ಲ, ಅವನ ಅಂಗೈ, ಅಂಗೈಯಲ್ಲಿ ಕೊಳವೆಯಿಂದ ತೆಗೆದ ಆ ಮರದ ಕಡ್ಡಿ. ಕೆಳಗೆ, ‘ಶುಚಿ ಮಾಡಿ ಪುನಃ ಹಾಕಿದೆ ಮಾವ’ ಎಂದು ಬರೆದಿದ್ದಾನೆ.

ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಿಸಲು ಕೇರಳ ಸರಕಾರ 2022ರಲ್ಲಿ ಪಂಚಾಯತು ಅಧ್ಯಕ್ಷರಿಗೆ ಅಧಿಕಾರ ಕೊಟ್ಟಾಗ, ಲೈಸನ್ಸು ಇರುವವರನ್ನು ಹುಡುಕಿಕೊಂಡು ನಮ್ಮಲ್ಲಿಗೂ ಬಂದಿದ್ದರು. ನನ್ನ ಕಣ್ಣಿಗೆ ಪೊರೆ, ಬೆಡಿಗೆ ತುಕ್ಕು. ಚಹಾ ಕೊಟ್ಟು ಕಳಿಸಿದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಿ, ಎಣಿಕೆ ಮುಗಿದ ಮೇಲೆ ಹೊತ್ತು ತರುವುದು ರೂಢಿ. ಮುಂದಿನ ಸಲ ಹೋದದ್ದನ್ನು ಮರಳಿ ತರುವುದಿಲ್ಲವೆಂದು ತಂಗಿಗೆ ಹೇಳಿದ್ದೇನೆ. ಅಳಿಯನಿಗೆ ಸಲ್ಲಬೇಕಾದ ವಸ್ತುವೆಂದು ಅವಳಿಗೆ ಬೇಸರ.

ಆದರೆ ಬಿದಿರಿನ ಅಳತೆ ಅಟ್ಟದ ಪೆಟ್ಟಿಗೆಯಲ್ಲಿ ಹಾಗೆಯೇ ಇದೆ. ಮೂಸಿದರೆ ಇನ್ನೂ ಗಂಧಕದ ವಾಸನೆ. ಅದಕ್ಕೆ ಲೈಸನ್ಸು ಬೇಡ, ವಿಮಾನದಲ್ಲಿ ಯಾರೂ ತಡೆಯಲಾರರು. ಅಳಿಯ ಊರಿಗೆ ಬಂದಾಗ ಅದನ್ನು ಅವನ ಕೈಗೆ ಕೊಡುವುದೆಂದು ತೀರ್ಮಾನಿಸಿದ್ದೇನೆ.